ಸಾಲಿಗಿಷ್ಟು, ಸಾವಿರಕ್ಕಿಷ್ಟು

ಓಹಾಯೊದ ಡಾಕ್ಟರಿಗೆ ನನ್ನ ಹೆಸರು ಗೊತ್ತಿಲ್ಲ.
ನನಗೆ ಅವನ ಗಂಟಲು ಗೊತ್ತು.
ಹನ್ನೊಂದು ವರ್ಷ ಈ ಕಿವಿಯೊಳಗೆ ಅವನು
ಕಾಫಿ ನುಂಗಿದ್ದಾನೆ, ಕಾಗದ ಮಗುಚಿದ್ದಾನೆ,
ಯಾರದೋ ಶ್ವಾಸಕೋಶದ ನಟ್ಟನಡುವೆ ನಿಲ್ಲಿಸಿ
ನರ್ಸಿನೊಡನೆ ನಕ್ಕಿದ್ದಾನೆ.
ಪ್ರತಿ ವಾಕ್ಯ ಮುಗಿದಾಗ 'ಪಿರಿಯಡ್' ಅನ್ನುತ್ತಾನೆ,
ನಾನು ಬಜಾಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ.

ಮೊದಲು ಬಲ್ಮಠದ ಮೂರನೇ ಮಾಳಿಗೆಯಲ್ಲಿ ಇಡುತ್ತಿದ್ದೆ.
ಅರುವತ್ತು ಮಂದಿ, ಎಲ್ಲರ ಕಾಲಡಿಗೊಂದು ಪೆಡಲು,
ತುಳಿದರೆ ಮಾತು, ಬಿಟ್ಟರೆ ಮೌನ,
ಹಿಮ್ಮಡಿ ಒತ್ತಿದರೆ ಅದೇ ಮಾತು ಮತ್ತೊಮ್ಮೆ.
ಐರಿನ್ ಲೋಬೊ ಮೇಡಂ ಬೆನ್ನ ಹಿಂದೆ ಬಂದು ನಿಂತು
'ಇಲಿಯಮ್ಮಿಗೂ ಇಲಿಯಮ್ಮಿಗೂ ವ್ಯತ್ಯಾಸ ಉಂಟು ಮಾರಾಯ್ತಿ,
ಒಂದು ಕರುಳು, ಒಂದು ಎಲುಬು.
ಒಂದಕ್ಷರಕ್ಕೆ ಮನುಷ್ಯನನ್ನು ತಪ್ಪಾಗಿ ಕೊಯ್ಯಬೇಡ.'
ಆಮೇಲೆ ಆಫೀಸು ಮುಚ್ಚಿತು. ಕಂಪ್ಯೂಟರನ್ನು ರಿಕ್ಷಾದಲ್ಲಿ
ಮಡಿಲಲ್ಲಿಟ್ಟುಕೊಂಡು ತಂದೆ.
ಪೆಡಲಿಗೂ ಸಹಿ ಹಾಕಿಸಿಕೊಂಡರು.

ಅಮ್ಮನಿಗೆ ಸಂತೋಷ: ನೋಡು, ನೀನೂ ಈಗ
ಮನೆಯಲ್ಲೇ ಕಟ್ಟುವವಳಾದೆ.
ಅವಳ ಬೀಡಿ ಬ್ರಾಂಚು ಮಸೀದಿಯ ತಿರುವಿನಲ್ಲಿ, ಇದಿನಬ್ಬರದ್ದು.
ಎಲೆ ತೂಗಿ ಕೊಡುತ್ತಾರೆ, ಸೊಪ್ಪು ತೂಗಿ ಕೊಡುತ್ತಾರೆ,
ಸಂಜೆ ಕಟ್ಟು ಬಿಚ್ಚಿ, ಬೆರಳಲ್ಲಿ ಒತ್ತಿ ನೋಡಿ
ಹತ್ತೋ ಹದಿನೈದೋ ಪಕ್ಕಕ್ಕೆ ತಳ್ಳುತ್ತಾರೆ.
ತಳ್ಳಿದ್ದಕ್ಕೆ ದುಡ್ಡಿಲ್ಲ, ತಳ್ಳಿದ್ದು ವಾಪಸೂ ಇಲ್ಲ.
ನನ್ನದನ್ನೂ ತಳ್ಳುತ್ತಾರೆ. ಯಾರೆಂದು ಗೊತ್ತಿಲ್ಲ.
ಬೆಳಿಗ್ಗೆ ಒಂದು ಕೆಂಪು ಶೇಕಡಾ ಬರುತ್ತದೆ, ಅಷ್ಟೇ.
ಅಮ್ಮ ಹೇಳುತ್ತಾಳೆ: ಇದಿನಬ್ಬರೊಡನೆ ಜಗಳವಾದರೂ ಮಾಡಬಹುದು.

ಈ ವರ್ಷದಿಂದ ಡಾಕ್ಟರ ಮಾತು ಮೊದಲು ಯಂತ್ರಕ್ಕೆ ಹೋಗುತ್ತದೆ.
ಅದು ಬರೆದದ್ದನ್ನು ನಾನು ತಿದ್ದಬೇಕು,
ಸಾಲಿಗೆ ಅರ್ಧ ರೇಟು.
ಒಳ್ಳೆಯ ಯಂತ್ರವೇ, ಸುಳ್ಳು ಹೇಳಬಾರದು,
ಎರಡೂ ಇಲಿಯಮ್ಮು ಗೊತ್ತು ಅದಕ್ಕೆ.
ಆದರೆ ಅವನು ಕೆಮ್ಮಿದರೆ ಅದನ್ನೂ ಮಾತೆಂದು ತಿಳಿದು
'ಹಾಗೂ' ಎಂದು ಬರೆದುಬಿಡುತ್ತದೆ.
ಎದೆನೋವು ಹಾಗೂ ಹಾಗೂ ಹಾಗೂ ಜ್ವರ.
ಅಳಿಸುತ್ತೇನೆ.
ಜನವರಿಗಿಂತ ಈಗ ಹಾಗೂ ಹೆಚ್ಚು.
ಡಾಕ್ಟರಿಗೆ ಯಾರಾದರೂ ಹೇಳಬೇಕು.

ನಿನ್ನೆ ರಾತ್ರಿ ಎರಡು ಗಂಟೆ:
ಅರುವತ್ತೊಂದರ ಹೆಂಗಸು, ಒಣ ಕೆಮ್ಮು, ಮೂರು ತಿಂಗಳಿಂದ,
ಜ್ವರ ಇಲ್ಲ, ತೂಕ ಇಳಿದಿದೆ,
ಸಿಗರೇಟು ನಲುವತ್ತು ಪ್ಯಾಕ್-ವರ್ಷ, ಪಿರಿಯಡ್.
ದಿನಕ್ಕೊಂದು ಪ್ಯಾಕಿನಂತೆ ನಲುವತ್ತು ವರ್ಷ.
ಹಾಗೆ ಅಳೆಯುತ್ತಾರೆ, ಸೇದಿದವರನ್ನು.

ಅಮ್ಮನಿಗೂ ನಿದ್ದೆ ಬಂದಿರಲಿಲ್ಲ.
ನನ್ನ ಪರದೆಯ ಬೆಳಕಿಗೆ ತಡ್ಪೆ ಎಳೆದುಕೊಂಡು
ಎಲೆ ಸುರುಳಿ, ತುದಿ ಮಡಚಿ, ನೂಲು ಸುತ್ತಿ.
ಹದಿನಾಲ್ಕನೇ ವಯಸ್ಸಿನಿಂದ ಕಟ್ಟುತ್ತಿದ್ದಾಳೆ, ಒಂದೂ ಸೇದಿಲ್ಲ.
ಕೆಮ್ಮಿದಳು.
ನನ್ನ ಬೆರಳು ತಾನಾಗಿ ಕೀಲಿಗಳ ಮೇಲೆ ಹೋಯಿತು,
ಒಣ ಕೆಮ್ಮು, ಜ್ವರ ಇಲ್ಲ,
ಅಲ್ಲಿಗೆ ನಿಂತಿತು. ಕಟ್ಟಿದವರಿಗೆ ಯಾವ ಅಳತೆ?
ಸಾವಿರ-ವರ್ಷವೇ?
ಫಾರ್ಮಿನಲ್ಲಿ ಅಂಥ ಜಾಗ ಇಲ್ಲ.

'ಆಯೆ ದಾನೆ ಪನ್ಪೆ?' ಕೇಳಿದಳು. ಏನಂತಾನೆ ಅವನು?
ಯಾರೋ ಹೆಂಗಸು, ನಿನ್ನ ಪ್ರಾಯ, ಅಂದೆ.
ಒಬ್ಬಳೇ ಬಂದಿದ್ದಾಳಾ ಆಸ್ಪತ್ರೆಗೆ?
ಅದನ್ನು ಡಾಕ್ಟರು ಹೇಳಿರಲಿಲ್ಲ.
ಆದರೂ ಹಿಮ್ಮಡಿ ಒತ್ತಿ ಹಿಂದಕ್ಕೆ ಹೋಗಿ ಕೇಳಿದೆ.
ಕುರ್ಚಿಯೊಂದು ಸರಿದ ಸದ್ದು. ಬಾಗಿಲು.
ಯಂತ್ರ ಅಲ್ಲಿ ಏನೂ ಬರೆದಿರಲಿಲ್ಲ.

ಇಪ್ಪತ್ತಮೂರು, ಇಪ್ಪತ್ತನಾಲ್ಕು, ಅಮ್ಮ ಎಣಿಸುತ್ತಿದ್ದಳು.
ಇಪ್ಪತ್ತೈದಕ್ಕೆ ಒಂದು ಕಟ್ಟು.
ನಾಳೆ ಬ್ರಾಂಚು ಬೇಡ, ವೆನ್ಲಾಕಿಗೆ ಹೋಗುವ, ಅಂದೆ.
ನಾಳೆ ಮಜೂರಿ ಕೊಡುವ ದಿನ, ಅಂದಳು.