ಬಲಗಣ್ಣಿನ ನೀಲಿ

ಯಾವ ಕಣ್ಣನ್ನು ಕೇಳಲಿ, ಕೊರ್ನೇಲ್ಯಾ?
ಬಲಗಣ್ಣಿನ ಪೊರೆ ತೆಗೆಸಿ ಮೂರು ವಾರ,
ಎಡಗಣ್ಣಿನದು ಇನ್ನೂ ಸರದಿಯಲ್ಲಿದೆ.
ನೀನು ಹೊತ್ತಿಸಿ ತೋರಿಸುವ ದೀಪ
ಇದಕ್ಕೆ ಅಚ್ಚ ನೀಲಿ,
ಅದಕ್ಕೆ ತಂಗಳು ಚಹಾದ ಬಣ್ಣ.

ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ ಮೂವತ್ತೆಂಟು ವರ್ಷ
ಕರಿಗಾಜಿನ ಹಿಂದೆ ನಿಂತು ಬೆಳಕು ಕಂಡವನು ನಾನು.
ಕಿಡಿ ತಾಗಿ ತೂತಾದ ಅಂಗಿ, ರಾತ್ರಿ ಕಣ್ಣೊಳಗೆ ಮರಳು,
ಹೆಂಡತಿ ಹೆಚ್ಚಿ ರೆಪ್ಪೆಯ ಮೇಲಿಟ್ಟ ಹಸಿ ಆಲೂಗಡ್ಡೆ.
ಬೆಳಕು ಸುಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ನೀನು ಹೇಳಿದೆ, ಸಾವಧಾನವಾಗಿ,
ಮೊದಲ ದಿನ ಶಾಲೆಗೆ ಬಂದವನಿಗೆ ಹೇಳುವಂತೆ:
ಹವಳಕ್ಕೆ ಬೆಳಕೇ ಅನ್ನ.
ಅದರ ಮೈಯೊಳಗೆ ಬಾಡಿಗೆಗಿರುವ ಕಂದು ಪಾಚಿ
ಹಗಲೆಲ್ಲ ಅಡುಗೆ ಮಾಡಿ ಬಡಿಸುತ್ತದೆ.
ಉರಿ ಹೆಚ್ಚಾಯಿತೋ,
ಅಡುಗೆಯವರನ್ನೇ ಹೊರಗಟ್ಟಿ
ಬಿಳಿಚಿಕೊಂಡು ಹಸಿದು ಸಾಯುತ್ತದೆ.

ಹ್ಯಾಲೈಡ್ ದೀಪ ಬೇಡವೆಂದವನು ನಾನೇ.
ತಳದ ಮರಳಿನ ಮೇಲೆ ಬಿಸಿಲಿನ ಬಲೆ ಬೀಸುವ ಚೆಲುವು
ಅದರದು, ಒಪ್ಪಿದೆ.
ಆದರೆ ರಾತ್ರಿಪಾಳಿಯುದ್ದಕ್ಕೂ ನನ್ನ ನೆತ್ತಿಯ ಮೇಲೆ
ಗುಂಯ್‌ಗುಟ್ಟಿದ್ದು ಅದೇ.
ಪಿಂಚಣಿಯಲ್ಲಿ ಕರೆಂಟಿನ ಬಿಲ್ಲಿಗೆಷ್ಟು, ರೊಟ್ಟಿಗೆಷ್ಟು?
ಎಲ್‌ಇಡಿಯೇ ಇರಲಿ.
ನೀಲಿ ಎಷ್ಟು, ಬಿಳಿ ಎಷ್ಟು, ಮನೆಗೆ ಹೋಗಿ ನೋಡೋಣ.

ಮನೆಯೆಂದರೆ ಅಲೆಯ ಹಾಗೆ ಬಳುಕಿ ನಿಂತ ಆ ಉದ್ದ ಕಟ್ಟಡ.
ಗೂಡಿಗೊಬ್ಬರಂತೆ ಸಾವಿರಾರು ಜನ,
ಗೋಡೆಯಾಚೆ ಕೆಮ್ಮಿದರೆ ಈಚೆ ಲೋಟ ನಡುಗುತ್ತದೆ.
ಡಿಸೆಂಬರಿನಲ್ಲಿ ಮೂರೂವರೆಗೇ ಹೊತ್ತು ಮುಳುಗಿ
ಐದನೇ ಮಹಡಿಯ ನನ್ನ ಕಿಟಕಿಯೊಂದೇ ನೇರಳೆ.
ಲಿಫ್ಟಿನಲ್ಲಿ ವಿತೊಲ್ಡ್ ಕಣ್ಣು ಮಿಟುಕಿಸಿದ:
"ಗಾಂಜಾ ಬೆಳೀತಿದ್ದೀಯೇನೋ, ಬೊಗೂಮಿಲ್?"
"ಸುತ್ತಿಗೆ ಬೆಳೀತಿದ್ದೀನಿ" ಅಂದೆ.

ಸುಳ್ಳಲ್ಲ. ತುದಿ ಚಪ್ಪಟೆಯಾದ ಸುತ್ತಿಗೆ ಹವಳ,
ಹೊನ್ನಿನ ಮೊನೆಯ ಪಂಜಿನ ಹವಳ,
ಹೆಸರು ಕೇಳಿಯೇ ಮನಸೋತೆ, ನಮ್ಮ ಕಸುಬಿನವು.
ಎರಡನ್ನೂ ಒಂದೇ ಬಂಡೆಗೆ ಅಂಟಿಸಲು ಹೊರಟಾಗ
ನೀನು ಕೈ ತಡೆದೆ.
ಸುತ್ತಿಗೆಗೆ ಕಪ್ಪೆಮೊಟ್ಟೆ ಹವಳ ಒಗ್ಗುತ್ತದೆ, ಒಂದೇ ಬಳಗ.
ಪಂಜು ಮಾತ್ರ ದಾಯಾದಿಯನ್ನೂ ಬಿಡುವುದಿಲ್ಲ.
ಹಗಲು ಸಭ್ಯವಾಗಿ ತೂಗಾಡಿ
ದೀಪ ಆರಿದ ಮೇಲೆ ಉದ್ದ ಎಳೆ ಚಾಚಿ
ಎಟುಕಿದ ನೆರೆಯವರನ್ನು ಸುಡುತ್ತದೆ.
ತೊಗಲು ಹವಳವೋ, ಮುಟ್ಟುವುದೂ ಇಲ್ಲ;
ನೀರಿಗೇ ನಂಜು ಬೆರೆಸಿ ಸುಮ್ಮನಿರುತ್ತದೆ.
ಅಂಥವರೂ ಇದ್ದರು ನಮ್ಮ ಕಟ್ಟೆಯಲ್ಲಿ.
ಹೆಸರು ಎತ್ತುವುದಿಲ್ಲ.

ತೊಗಲು ಬೇಡ.
ಪಂಜು ಬಲಮೂಲೆಗೆ, ಒಂಟಿ.
ಸುತ್ತಿಗೆ ನಡುಮಟ್ಟಕ್ಕೆ, ಅಣಬೆ ಹವಳ ಕೆಳಗೆ ನೆರಳಿಗೆ.
ನೀನು ಎರವಲು ಕೊಟ್ಟ ಮಾಪಕ
ಬಂಡೆಯ ನೆತ್ತಿಯಲ್ಲಿ ಇನ್ನೂರೈವತ್ತು ತೋರಿತು,
ಮರಳಿನ ಮೇಲೆ ಎಪ್ಪತ್ತು; ನೆತ್ತಿ ಸದ್ಯಕ್ಕೆ ಖಾಲಿಯಿರಲಿ.
ಪಂಜಿಗೂ ಸುತ್ತಿಗೆಗೂ ನಡುವೆ ಜಾಗ ಎಷ್ಟೆಂದು
ಗಾಜಿನ ಹೊರಗಿನಿಂದ ವೆಲ್ಡಿಂಗ್ ಕಡ್ಡಿ ಅಡ್ಡ ಹಿಡಿದೆ.
ಮೂವತ್ತೈದು ಸೆಂಟಿಮೀಟರು. ಸಾಕು.
ಜೀವಮಾನವೆಲ್ಲ ಸಂದು ಮುಚ್ಚಿದ ಕಡ್ಡಿ.

ದೀಪ ಈಗ ನೂರಕ್ಕೆ ಮೂವತ್ತು.
ಎರಡು ವಾರ ಕಳೆದು ಮೂವತ್ತೈದು.
ಬಲಗಣ್ಣು ಮುಚ್ಚಿದರೆ ತೊಟ್ಟಿ ಯಾರದೋ ಮದುವೆಯ ಹಳೇ ಫೋಟೊ.
ಎಡಗಣ್ಣು ಮುಚ್ಚಿದರೆ
ನಾನು ಬೆಸೆದ ಹಡಗುಗಳು ಹೋಗಿಬಂದ ಸಮುದ್ರ,
ನಾನು ಹೋಗದ್ದು.
ಮಾರ್ಚಿಗೆ ಆಸ್ಪತ್ರೆಯವರು ದಿನ ಕೊಟ್ಟಿದ್ದಾರೆ.
ಹೋಗುತ್ತೇನೋ ಇಲ್ಲವೋ, ನೋಡಬೇಕು.

ಹತ್ತಕ್ಕೆ ದೀಪ ಆರುತ್ತದೆ.
ಕೆಂಪು ಟಾರ್ಚು ಹಿಡಿದು ಕುರ್ಚಿ ಹತ್ತಿರಕ್ಕೆಳೆದುಕೊಳ್ಳುತ್ತೇನೆ.
ಪಂಜು ಒಂದು ಎಳೆ ಬಿಟ್ಟಿದೆ, ಕೂದಲಿನಷ್ಟು,
ಖಾಲಿ ನೀರನ್ನು ತಡಕುತ್ತಿದೆ, ಇನ್ನೂ ತಡಕುತ್ತಿದೆ.
ಗೋಡೆಯಾಚೆ ವಿತೊಲ್ಡ್ ಕೆಮ್ಮುತ್ತಾನೆ.
ಲೋಟ ನಡುಗುತ್ತದೆ.