ಗೋಡೆಯಾಚೆಯ ದೋಣಿ

ಗೋಲಿನ ಹಿಂದೆ ಬಲೆ, ಬಲೆಯ ಹಿಂದೆ ಗೋಡೆ,
ಗೋಡೆಯ ಹಿಂದೆ ಅಟ್ಲಾಂಟಿಕ್.
ಅಲ್ಲಿ ನಾನು.
ಪಂದ್ಯಕ್ಕೆ ಇನ್ನೂರು ಕ್ರೋನ ಕೂಲಿ, ಒಂದು ಫ್ಲಾಸ್ಕ್ ಕಾಫಿ,
ಉದ್ದ ಹಿಡಿಯ ಜಾಲರಿ.
ಕಡಲಿಗೆ ಬಿದ್ದ ಚೆಂಡು ಹೆಕ್ಕಿ ತರುವುದು ಕೆಲಸ.
ಇಪ್ಪತ್ತಾರು ವರ್ಷಕ್ಕೆ ಕಳೆದದ್ದು ಹನ್ನೊಂದೇ ಹನ್ನೊಂದು.
ಅದರಲ್ಲೊಂದು ಸ್ಕಾಟ್‌ಲೆಂಡಿನ ದಂಡೆ ಮುಟ್ಟಿತಂತೆ,
ಹೇಳುವವರು ಹೇಳುತ್ತಾರೆ.
ಕುಡಿದಾಗ ನಾನೂ ಹೇಳುತ್ತೇನೆ.

ಆಟ ನನಗೆ ಕಾಣುವುದಿಲ್ಲ. ಕೇಳುತ್ತದೆ.
ಗೋಡೆ ಎತ್ತರ, ನೀರು ತಗ್ಗು.
ಗಿಡ್ಡ 'ಓ' ಬಂದರೆ ಪಕ್ಕದಿಂದ ಹೋಯಿತು,
ಉದ್ದ 'ಓ' ಬಂದರೆ ಕಂಬಕ್ಕೆ ಬಡಿಯಿತು,
ಮೀನಿನ ಕಾರ್ಖಾನೆಯ ಸೈರನ್ ಕೂಗಿದರೆ ನಾವು ಹೊಡೆದೆವು,
ಏನೂ ಕೇಳದಿದ್ದರೆ
ಅವರು.

ಈ ಸಲ ರಾಜಧಾನಿಯ ಮೈದಾನದಲ್ಲಿ
ಪ್ಲಾಸ್ಟಿಕ್ ಹುಲ್ಲು ಕಿತ್ತು ಹೊಸದು ಹಾಸುತ್ತಿದ್ದರು.
ಚೀಟಿ ಎತ್ತಿದಾಗ ಕಪ್ಪಿನ ಫೈನಲ್ಲು ನಮ್ಮ ಪಾಲಿಗೆ ಬಂತು,
ಆರುನೂರ ಹನ್ನೆರಡು ಜನರ ಊರಿಗೆ
ಎರಡು ಸಾವಿರ ಜನ, ಕುರಿಗಳಿಗೆ ನಿಲ್ಲಲು ಜಾಗವಿಲ್ಲ.
ಸೋತವನಿಗೆ ನಾಳೆ ಇಲ್ಲದ ಪಂದ್ಯಾವಳಿ ಇದು.
ಮೊದಲ ಸುತ್ತು ಆಲಿಕಲ್ಲಿನಲ್ಲಿ ಗೆದ್ದೆವು,
ಎರಡನೆಯದು ಅವರ ಹುಡುಗನೇ ಅವರ ಗೋಲಿಗೆ ಒದ್ದು,
ಸೆಮಿಫೈನಲ್ ಹೇಗೆ ಗೆದ್ದೆವೋ
ಈಗಲೂ ಯಾರಿಗೂ ಗೊತ್ತಿಲ್ಲ.

ಇದನ್ನು ಗೆದ್ದರೆ ಯುರೋಪು.
ನಾವಿರುವುದೂ ಯುರೋಪಿನಲ್ಲೇ, ನಕ್ಷೆ ಹಾಗೆನ್ನುತ್ತದೆ,
ನಕ್ಷೆಯಲ್ಲಿ ನಮ್ಮ ಮೇಲೆ ಸಾಮಾನ್ಯವಾಗಿ ಅಳತೆಪಟ್ಟಿ ಇರುತ್ತದೆ.
ಈ ಯುರೋಪು ಬೇರೆ. ಜುಲೈಯಲ್ಲಿ ಮೂರು ವಿಮಾನ ಬದಲಿಸಿ
ಮಾಲ್ಟಾಕ್ಕೋ ಕಜಕಸ್ತಾನಕ್ಕೋ ಹೋಗಿ
ಬಿಸಿಲಿನಲ್ಲಿ ಎಂಟು ಗೋಲು ತಿಂದು ಬರುವ ಹಕ್ಕು.
ಆ ಹಕ್ಕಿಗಾಗಿ ಅಂಚೆಯ ಬೇರ್ಗುರ್ ಮದುವೆ ಮುಂದೂಡಿದ,
ಗೋಲಿ ಎಯ್ದುನ್ ಅರ್ಧ ಊರಿನ ವೈರಿಂಗು ಬಾಕಿ ಉಳಿಸಿದ,
ರುಬಾರ್ಬ್ ಜಾಮ್ ಮಾರಿ ಮಾರಿ ಡುರೀಟಾಳ ಬೆರಳು
ಕೆಂಪಾಗಿಯೇ ನಿಂತವು.

ತೊಂಬತ್ತು ನಿಮಿಷ ಮುಗಿಯಿತು, ಮತ್ತೆ ಮೂವತ್ತು.
ಒಂದು ಸೈರನ್, ಒಂದು ಮೌನ.
ಆಮೇಲೆ ಪೆನಾಲ್ಟಿ, ಅದೂ ನನ್ನ ಕಡೆಯ ಗೋಲಿಗೆ.
ಸೈರನ್. ಮೌನ. ಸೈರನ್. ಮೌನ.
ಕಾಫಿ ಮುಚ್ಚಳದಲ್ಲೇ ಆರಿತು.
ಗಾಳಿ ತಿರುಗಿತು ಆಗ, ಕಡಲಹಕ್ಕಿಗಳೆಲ್ಲ ಒಟ್ಟಿಗೆ ಎದ್ದು
ಕಿರುಚಿದವು. ಎಣಿಕೆ ತಪ್ಪಿತು.

ಮತ್ತೆ ಗೋಡೆಯ ಮೇಲಿಂದ ಬಂತು,
ಬೆಳ್ಳಗೆ, ಅವಸರವಿಲ್ಲದೆ,
ಇಡೀ ಫೈನಲ್ಲಿನಲ್ಲಿ ನಾನು ಕಂಡದ್ದು ಅದೊಂದೇ.
ಯಾರ ಕಾಲಿನದು?
ಚೆಂಡಿನ ಮೇಲೆ ಹೆಸರಿರುವುದಿಲ್ಲ.
ಹುಟ್ಟು ಹಾಕಿದೆ, ಜಾಲರಿ ಚಾಚಿದೆ,
ತೊಟ್ಟಿಕ್ಕುವ ಚೆಂಡು ತೊಡೆಯ ಮೇಲಿಟ್ಟು ಕೂತೆ.
ದಡಕ್ಕೆ ತಿರುಗಲಿಲ್ಲ.
ನಾನು ತಿರುಗುವವರೆಗೆ ಎರಡೂ ತಂಡ
ಮಾಲ್ಟಾದಲ್ಲಿದ್ದವು, ಕಿತ್ತಳೆ ಸುಲಿಯುತ್ತಿದ್ದವು.

ಸೈರನ್ನಿಗೆ ಕಾದೆ.
ಕಾಯುವಷ್ಟು ಕಾದೆ.

ಗೋಡೆಯ ಮೆಟ್ಟಿಲಿಳಿದು ಬಂದವನು ಹಾಲ್ಲುರ್,
ಹತ್ತೊಂಬತ್ತು ವರ್ಷ, ಸಾಲ್ಮನ್ ಪಂಜರಗಳಿಗೆ ಮೇವು ಹಾಕುವವನು.
ಮುಳ್ಳಿನ ಬೂಟಿನಲ್ಲೇ ದೋಣಿಗೆ ಕಾಲಿಟ್ಟ.
ಹಲಗೆ ಗೀರುತ್ತದೆ ಮಾರಾಯ, ಅನ್ನಬೇಕೆಂದಿದ್ದೆ.
"ಎಷ್ಟು ದೂರ ಬಿತ್ತು?" ಕೇಳಿದ.
"ನಲವತ್ತು ಮೀಟರು."
ಹತ್ತು ಸೇರಿಸಿಯೇ ಹೇಳಿದ್ದೆ.
ಗಾಳಿ, ಅಂದ. ಹೌದು ಗಾಳಿ, ಅಂದೆ.
ಗೋಡೆಯಾಚೆ ರಾಜಧಾನಿಯವರ ಹಾಡು ಶುರುವಾಗಿತ್ತು,
ನಮ್ಮವರೂ ಗೌರವಕ್ಕೆ ಚಪ್ಪಾಳೆ ತಟ್ಟುತ್ತಿದ್ದರು,
ಕೈಗವಸಿನ ಚಪ್ಪಾಳೆ, ಸದ್ದು ಮೆತ್ತಗೆ.

ಅವನು ಚೆಂಡನ್ನು ನನ್ನ ತೊಡೆಯಿಂದೆತ್ತಿ
ಎರಡೂ ಕೈಯಿಂದ ನೀರಿಗೆ ಬಿಟ್ಟ, ಎಸೆಯಲಿಲ್ಲ,
ತೊಳೆದ ಮರಿಯನ್ನು ಬಿಡುವಂತೆ.
ಇಳಿತದ ಸೆಳೆತ ಅದನ್ನು ಹಿಡಿಯಿತು.
ಜಾಲರಿ ನನ್ನ ಕಾಲ ಬಳಿಯೇ ಇತ್ತು.

ಹನ್ನೆರಡು.
ಸೋಮವಾರ ಕಾರ್ಯದರ್ಶಿ ಲೆಕ್ಕ ಬರೆದಳು:
ಚೆಂಡಿಗೆ ಮುನ್ನೂರೈವತ್ತು, ನನ್ನ ಕೂಲಿ ಇನ್ನೂರು,
ಬಾಕಿ ಮುಂದಿನ ಪಂದ್ಯದಲ್ಲಿ ಮುರಿದುಕೊಳ್ಳುವುದು.