ಯೂರೆಕನ ಗ್ಲಾಸು

ಊರ ಹೆಸರು ವೂಚ್. ನಮ್ಮ ಮಾತಿನಲ್ಲಿ ದೋಣಿ ಅಂತ ಅರ್ಥ.
ತೇಲಲಿಕ್ಕೆ ಹೊಳೆ ಮಾತ್ರ ಇಲ್ಲ.
ಇದ್ದ ಹೊಳೆಗಳನ್ನೆಲ್ಲ ಬಟ್ಟೆ ಗಿರಣಿಗಳ ಕಾಲದಲ್ಲೇ
ಕೊಳವೆಗೆ ತುರುಕಿ, ಮೇಲೆ ರಸ್ತೆ ಹಾಸಿ,
ಟ್ರಾಮು ಓಡಿಸಿದರು.
ನಿಮ್ಮ ಜಠರವನ್ನೂ ಕೊಳವೆ ಮಾಡುತ್ತೇವೆಂದು
ಡಾಕ್ಟರು ಚಿತ್ರ ಬರೆದು ತೋರಿಸಿದಾಗ
ನನಗೆ ನಗು ಬಂದದ್ದು ಅದಕ್ಕೆ.
ಅವರಿಗೆ ತಿಳಿಯಲಿಲ್ಲ. ಪರವೂರಿನವರು.

ತಕ್ಕಡಿ ನೂರ ಮೂವತ್ತೆಂಟು ಅಂದಿತು.
ಬೂಟು ಬಿಚ್ಚಿದೆ. ನೂರ ಮೂವತ್ತೇಳು.
ಕಿವಿಯೋಲೆಯನ್ನೂ ಬಿಚ್ಚಲೇ ಅಂದೆ.
ಓಲೆ ಇರಲಿ ಬೊಝೇನಾ ಅವರೇ, ಅಂದಳು ನರ್ಸು, ಬರೆದುಕೊಳ್ಳುತ್ತ.

ಸ್ಕ್ಯಾನು ನೋಡಿ ಕೇಳಿದರು: ಕುಡಿಯುತ್ತೀರಾ?
ಇಲ್ಲ.
ಎಂದೂ?
ಎಂದೂ ಇಲ್ಲ. ಮನೆಯ ಪಾಲನ್ನೆಲ್ಲ ಒಬ್ಬನೇ ಕುಡಿದು ಹೋದ.
ಆದರೂ ನಿಮ್ಮ ಯಕೃತ್ತು ಊದಿಕೊಂಡಿದೆ,
ಕುಡುಕರದು ಊದುವ ಹಾಗೆಯೇ.
ಅದು ಕುಗ್ಗದೆ ಕತ್ತರಿಗೆ ದಾರಿಯಿಲ್ಲ.
ಎರಡು ವಾರ ಪಥ್ಯ.

ಎರಡು ವಾರ ವೆನಿಲ್ಲಾ ಪುಡಿ,
ಕದಡಿದ ಸುಣ್ಣದ ಹಾಗೆ, ದಿನಕ್ಕೆ ನಾಲ್ಕು ಸಲ.
ಕೆಲಸಕ್ಕೆ ರಜೆ ಹಾಕಲಿಲ್ಲ.
ಶಾಲೆಯ ಅಡುಗೆಮನೆ, ಮುನ್ನೂರು ಮಕ್ಕಳು,
ಗುರುವಾರ ಬಂದರೆ ಪಿಯೆರೋಗಿ:
ಆಲೂಗಡ್ಡೆ, ಹಸಿ ಗಿಣ್ಣು, ಕೆಂಪಗೆ ಹುರಿದ ಈರುಳ್ಳಿ,
ಮಡಿಸಿ ಅಂಚು ಒತ್ತಿ ಒತ್ತಿ ಹೆಬ್ಬೆರಳೇ ಚಪ್ಪಟೆ.
ಇಪ್ಪತ್ತಾರು ವರ್ಷ ನನ್ನ ನಾಲಿಗೆ ನೋಡಿದ ಉಪ್ಪು.
ಈ ಸಲ ಚಮಚ ಕಿಂಗಾಳ ಬಾಯಿಗೆ ಹಿಡಿದೆ.
ಚೆನ್ನಾಗಿದೆ ಅಂದಳು.
ಮಕ್ಕಳು ಬಿಟ್ಟೆದ್ದ ತಟ್ಟೆಗಳು ಬೇರೆ ಹೇಳಿದವು.

ಐದನೆಯ ರಾತ್ರಿ ಫ್ರಿಜ್ಜಿನ ಬಾಗಿಲು ತೆರೆದು
ಆ ಬೆಳಕಿನಲ್ಲಿ ನಿಂತೆ, ಅದು ಬೀಪ್ ಅಂದು ಗದರುವವರೆಗೆ.
ಉಪ್ಪುನೀರಿನ ಸೌತೆಕಾಯಿ, ಒಂದು.
ಇಲ್ಲ, ಅರ್ಧ.
ಉಳಿದರ್ಧವನ್ನು ನಲ್ಲಿಯ ಕೆಳಗೆ ತೊಳೆದು, ಯಾಕೋ, ಮತ್ತೆ ಜಾಡಿಗೇ ಹಾಕಿದೆ.

ಮಂಗಳವಾರ. ಬಿಳಿಯ ಬಿಗಿ ಕಾಲುಚೀಲ.
ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು.
ಏಳರವರೆಗೆ ನಾನಿದ್ದೆ.

ಮನೆಗೆ ಕಳಿಸುವಾಗ ಕೊಟ್ಟ ಚೀಟಿ:
ಹದಿನೈದು ನಿಮಿಷಕ್ಕೆ ಮೂವತ್ತು ಮಿಲಿ.
ಗುಟುಕಲ್ಲ, ಬಾಯಿ ಒದ್ದೆ ಮಾಡಿಕೊಳ್ಳುವುದು.
ಪ್ಲಾಸ್ಟಿಕ್ ಅಳತೆ ಲೋಟ ಟ್ಯಾಕ್ಸಿಯಲ್ಲೇ ಬಿಟ್ಟು ಬಂದಿದ್ದೆ.
ಬೀರುವಿನ ಹಿಂದಿನ ಸಾಲಿನಲ್ಲಿ ಕೈಯಾಡಿಸಿದೆ,
ಸಿಕ್ಕಿದ್ದು ಯೂರೆಕನ ವೋಡ್ಕಾ ಗ್ಲಾಸು.
ಬುಡ ದಪ್ಪ, ಬಾಯಿ ಕಿರಿದು, ಅಂಚಿನಲ್ಲೊಂದು ಚಕ್ಕೆ ಹಾರಿದೆ.
ಯಾವ ಗೋಡೆಗೆ ಬಡಿದು ಹಾರಿತೆಂದು ಗೊತ್ತು.
ಅಲ್ಲೀಗ ಕ್ಯಾಲೆಂಡರಿದೆ.
ಐವತ್ತು ಹಿಡಿಯುವ ಗ್ಲಾಸು.
ಉಗುರುಬಣ್ಣದಲ್ಲಿ ಮೂವತ್ತಕ್ಕೊಂದು ಗೆರೆ ಎಳೆದೆ.
ಅವನಿಗೆ ಯಾರೂ ಎಳೆಯದ ಗೆರೆ.

ಭಾನುವಾರ ಕೆಳಮನೆಯ ಟಿಯೋಫಿಲಾ
ಕೋಳಿಯ ತಿಳಿಸಾರು ತಂದಳು.
ಮೇಲೆ ತೇಲುವ ಕೊಬ್ಬಿನ ಹನಿಗೆ ನಾವು ಕಣ್ಣು ಅನ್ನುತ್ತೇವೆ,
ಕಣ್ಣಿಲ್ಲದ್ದು ಭಾನುವಾರದ ಸಾರೇ ಅಲ್ಲ.
ಮೂರು ಸಲ ಬಟ್ಟೆಯಲ್ಲಿ ಸೋಸಿ
ಎಲ್ಲ ಕಣ್ಣೂ ಮುಚ್ಚಿಸಿ ತಂದಿದ್ದಳು, ಪಾಪ.
ಗ್ಲಾಸು ನೋಡಿದಳು. ಗುರುತು ಹಿಡಿದಳು.
ಹಳೆಯ ಮಾತನ್ನೇ ಆಡಿದಳು:
ಸತ್ತವನ ಮೇಲೆ ಎಂಥ ಸಿಟ್ಟು, ಹೊಟ್ಟೆಗೆ ಹಾಕಿಕೋ.

ಯಾವ ಹೊಟ್ಟೆಗೆ, ಟಿಯೋಫಿಲಾ?
ಹಾಕಿಕೊಂಡದ್ದನ್ನೆಲ್ಲ ಕತ್ತರಿಸಿ
ಯಾವ ಬಕೆಟ್ಟಿಗೆ ಹಾಕಿದರೋ, ಕೇಳಲು ಮರೆತೆ.
ಈಗ ಉಳಿದದ್ದು ಬಾಳೆಹಣ್ಣಿನಷ್ಟು.
ಅವನ ಒಂದು ಸಂಜೆ ಹಿಡಿದೀತು.
ಅದೂ ಒಳ್ಳೆಯ ಸಂಜೆಯಾಗಿದ್ದರೆ:
ಟ್ರಾಮು ತಪ್ಪಿಸಿಕೊಂಡು ನಡೆದೇ ಬಂದದ್ದು,
ನನ್ನ ಚೀಲ ಅವನ ಹೆಗಲಲ್ಲಿ,
ಇಲ್ಲೇ, ಈ ಟಾರಿನ ಕೆಳಗೇ ಹೊಳೆ ಹರಿಯುತ್ತಿದೆ ಕೇಳು
ಎಂದು ಮಂಡಿಯೂರಿ ರಸ್ತೆಗೆ ಕಿವಿ ಇಟ್ಟದ್ದು.
ಅವತ್ತು ಕುಡಿದಿರಲಿಲ್ಲ.
ಕುಡಿದಿದ್ದನೇನೋ.

ಕತ್ತು ಹಿಂದಕ್ಕೆಸೆದು ಒಂದೇ ಏಟಿಗೆ ಇಳಿಸುತ್ತಿದ್ದ.
ನಾನು ಚಕ್ಕೆ ಹಾರಿದ ಕಡೆ ತುಟಿ ತಾಗದಂತೆ
ಗ್ಲಾಸು ತಿರುಗಿಸಿ, ಒಂದು ಹನಿ, ಕಾಯುತ್ತೇನೆ,
ಇಳಿಯುವುದು ಕೇಳುತ್ತದೆ.

ಇನ್ನೂ ಹನ್ನೊಂದು ನಿಮಿಷ.